ಎಡರುಗಳ ನಡುವೆ ಲೇಖಕನ ನೆಲೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಸಾಹಿತ್ಯಸೇವೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಇಲ್ಲಿಂದ ಪ್ರಕಟವಾದ ಗ್ರಂಥಗಳ ವಿವರವನ್ನು ನನಗಿಂತ ಮೊದಲು ಮಾತನಾಡಿದ ಮಹನೀಯರು ಸವಿಸ್ತಾರವಾಗಿ ಹೇಳಿರುವರು. ಆದಕಾರಣ ನಾನು ಗ್ರಂಥಗಳ ಮಾತನ್ನು ಬಿಟ್ಟು, ಗ್ರಂಥ ಬರೆಯಹೊರಟವರ ಮಾತನ್ನು ಎತ್ತಿಕೊಳ್ಳುವೆನು. ಅದರಲ್ಲಿಯೂ, ಬರೆಯಹೊರಟು, ತನಗೆ ಒಪ್ಪುವ ನೆಲೆ ಯಾವದೆಂದು ಇನ್ನೂ ತಿಳಿಯದಿರುವಾಗಲೇ ಬಾಳಿನಲ್ಲಿ ಮೇಲಿಂದ ಮೇಲೆ ಪೆಟ್ಟು ತಿಂದು ನಡುದಾರಿಯಲ್ಲಿ ನಿಂತುಬಿಟ್ಟವರ ಮಾತು ಇದು.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಪಾಠಶಾಲೆಯಲ್ಲಿ ಓದಿ ಹೋಗಿ, ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿರುವ ಶಿಷ್ಯನೊಬ್ಬನು ಕೆಲವು ತಿಂಗಳ ಹಿಂದೆ ನನ್ನ ಬಳಿಗೆ ಬಂದಿದ್ದನು. ಮೊದಲು ಅವನು ಕಥೆಗಳನ್ನು ಬರೆದನು. ಅವು ತಿರುಗಿ ಬಂದವು. ಬಳಿಕ ಭಾಮಿನಿ ಷಟ್ಪದಿಯಲ್ಲಿ ಶರಣರೊಬ್ಬರ ಚರಿತ್ರೆಯನ್ನು ಹೊಸೆದನು. ಈ ಕಾಲದಲ್ಲಿ ಷಟ್ಪದಿಯನ್ನು ಕೊಂಡು ಓದುವವರಾರೆಂದು ಪ್ರಕಾಶಕರೊಬ್ಬರು ನಕ್ಕರಂತೆ. ಶಾಸ್ತ್ರವಿಚಾರದ ಲೇಖನಗಳನ್ನು ಬರೆದು ಕಳುಹಿದನು; ಅವಕ್ಕೆ ಉತ್ತರವೇ ಇಲ್ಲ. ಇದೆಲ್ಲ ನಡೆಯುತ್ತಿರುವಾಗಲೇ ತಂದೆಯವರು ಲಿಂಗೈಕ್ಯರಾದರು, ಹೊಲದ ಮೇಲಿನ ಸಾಲವು ಅವನ ತಲೆಗೆ ಬಂತು, ಮನೆಯಾಕೆಗೆ ದೀರ್ಘಕಾಲದ ಬೇನೆ ಹತ್ತಿತು. ಇಷ್ಟನ್ನು ಹೇಳಿ, ತನ್ನ ಕಾಗದಗಳ ಗಂಟನ್ನು ನನ್ನ ಮುಂದಿಟ್ಟು, “ಗುರುಗಳೇ, ನಾನು ಬರೆಯಬಾರದೆಂಬುದೇ ಶಿವನ ಇಚ್ಛೆಯೆಂದು ತಿಳಿದುಕೊಳ್ಳಲೇ?” ಎಂದು ಕೇಳಿದನು. ಈ ಪ್ರಶ್ನೆಯು ಅವನೊಬ್ಬನದಲ್ಲ. ಪದವಿಯಿಲ್ಲದೆ, ಪಟ್ಟಣದ ಪರಿಚಯವಿಲ್ಲದೆ, ಪಾಠಶಾಲೆಯ ವಿದ್ಯೆಯೊಂದನ್ನೇ ನಂಬಿ ಬರೆಯಹೊರಟ ಅನೇಕರು ಇದನ್ನು ಬಾಯಿಬಿಟ್ಟು ಕೇಳದೆಯೂ ಮನಸ್ಸಿನಲ್ಲಿ ಇಟ್ಟುಕೊಂಡಿರುವರು. ಅವನಿಗೆ ಅಂದು ಹೇಳಿದುದನ್ನೇ ಇಂದು ಕೊಂಚ ವಿಸ್ತರಿಸುವೆನು.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಬಂದುದನ್ನು ಶಿವನಿತ್ತುದೆಂದು ಕೈಯೊಡ್ಡಿ ಸ್ವೀಕರಿಸುವ ಭಾವವು ಭಕ್ತನ ಲಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಹೆತ್ತವರ ಅಗಲಿಕೆ, ಮನೆಯವರ ಬೇನೆ, ಮಳೆ ಹೋಗಿ ಬೆಳೆ ಒಣಗುವದು, ಇವು ಮನುಷ್ಯನ ಕೈಯೊಳಗಿನ ಸಂಗತಿಗಳಲ್ಲ. ಇವನ್ನು ಹಾಗೆ ಸ್ವೀಕರಿಸುವದರಲ್ಲಿ ಒಂದು ಶಾಂತಿಯುಂಟು. ಆದರೆ ಸಂಪಾದಕರೊಬ್ಬರು ಕಳುಹಿದ ಎರಡು ಸಾಲಿನ ಚೀಟಿಯು ಪ್ರಸಾದವಲ್ಲ. ಅದು ಒಬ್ಬ ಮನುಷ್ಯನು, ಒಂದು ದಿನ, ತನ್ನ ಪತ್ರಿಕೆಯಲ್ಲಿರುವ ಎಡೆಯನ್ನೂ ತನ್ನ ರುಚಿಯನ್ನೂ ನೋಡಿ ಮಾಡಿದ ನಿರ್ಣಯ. ಆ ಚೀಟಿಯನ್ನು ಶಿವನ ಅಪ್ಪಣೆಯೆಂದು ಓದಿಕೊಳ್ಳುವದು ಭಕ್ತಿಯಲ್ಲ; ಶಿವನು ಆಡದ ಮಾತನ್ನು ಆತನ ಬಾಯಿಗೆ ಹಚ್ಚಿದಂತೆಯೇ ಸರಿ. ದುಃಖದಲ್ಲಿರುವವನು ಮಾಡುವದೇನೆಂದರೆ, ಮನೆಯ ಸಂಕಟಗಳನ್ನೂ ತಿರುಗಿ ಬಂದ ಹಸ್ತಪ್ರತಿಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಆ ಗಂಟಿಗೆ ವಿಧಿಯೆಂದು ಹೆಸರಿಡುವದು. ಗಂಟನ್ನು ಬಿಚ್ಚಿ ಒಂದೊಂದನ್ನೇ ಬೇರೆ ಇಟ್ಟರೆ, ಅಳತಕ್ಕದ್ದು ಯಾವದು, ತಿದ್ದತಕ್ಕದ್ದು ಯಾವದು, ಮರೆಯತಕ್ಕದ್ದು ಯಾವದು ಎಂಬುದು ಕಾಣುವದು.

ಇಂಥವರಿಗೆ ಲೋಕವು ಹೇಳುವ ಸಮಾಧಾನವೊಂದುಂಟು: ದೊಡ್ಡವರೆಲ್ಲರೂ ಕಷ್ಟಪಟ್ಟರು, ನೀನೂ ಪಡು, ದೊಡ್ಡವನಾಗುವಿ ಎಂದು. ಈ ಮಾತು ನನಗೆ ಸೇರುವದಿಲ್ಲ. ಕಷ್ಟಪಟ್ಟವರೆಲ್ಲರೂ ದೊಡ್ಡವರಾಗಲಿಲ್ಲ, ಕಷ್ಟದಲ್ಲಿಯೇ ಮುಗಿದುಹೋದವರ ಹೆಸರುಗಳು ನಮಗೆ ತಿಳಿದಿಲ್ಲ, ಅಷ್ಟೇ. ನಾನು ಈಗ ಹೇಳುವ ಮಹನೀಯರನ್ನು ಅಂಥ ಸಮಾಧಾನಕ್ಕಾಗಿ ನೆನೆಯುತ್ತಿಲ್ಲ. ಅವರು ಪೆಟ್ಟು ತಿಂದ ಮರುದಿನ ಏನು ಮಾಡಿದರೆಂಬುದನ್ನು ನೋಡುವದಕ್ಕಾಗಿ ನೆನೆಯುತ್ತಿದ್ದೇನೆ.

ವಿಜಾಪುರದ ಫ. ಗು. ಹಳಕಟ್ಟಿಯವರ ಹೆಸರನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ವಚನಪಿತಾಮಹರೆಂದು ಅವರನ್ನು ಕರೆಯುತ್ತೇವೆ. ಕರೆದು ಕೈಮುಗಿದು ಸುಮ್ಮನಾಗುತ್ತೇವೆ. ಅವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆವಣಿಗೆಯ ಅಭಿರುಚಿಯುಳ್ಳವರು. ಮಗನು ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾಯದೆಯ ಪರೀಕ್ಷೆಯನ್ನು ಮುಗಿಸಿ, ವಿಜಾಪುರದಲ್ಲಿ ವಕೀಲಿಯನ್ನು ನೆಲೆಗೊಳಿಸಿದನು. ಅಲ್ಲಿಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ 1910ರದು, ಸಿದ್ಧೇಶ್ವರ ಸಹಕಾರಿ ಬ್ಯಾಂಕು 1912ರದು; ಎರಡರ ಸ್ಥಾಪನೆಯಲ್ಲಿಯೂ ಅವರ ಕೈಯುಂಟು. ಇಷ್ಟಕ್ಕೇ ನಿಂತಿದ್ದರೂ ಜನರು ಅವರನ್ನು ನೆನೆಯುತ್ತಿದ್ದರು. ಆದರೆ ಬರೆವಣಿಗೆಯಲ್ಲಿ ಅವರ ನೆಲೆ ಯಾವದು? ಕವಿಯೆಂದು ಅವರು ಹೆಸರಾಗಲಿಲ್ಲ, ಕಥೆಗಾರರೆಂದೂ ಆಗಲಿಲ್ಲ. ನಮ್ಮಂತೆ ವ್ಯಾಕರಣ ಅಲಂಕಾರಗಳನ್ನು ಉರುಹಚ್ಚಿದ ಪಂಡಿತರೂ ಅಲ್ಲ. ರಬಕವಿಯಂಥ ಊರುಗಳಲ್ಲಿ ಭಕ್ತರ ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಅದೇ ಅವರ ನೆಲೆಯಾಯಿತು.

ಈ ಕೆಲಸವು ಎಂಥದೆಂಬುದನ್ನು ಭಕ್ತಮಹಾಶಯರು ತಿಳಿಯಬೇಕು. ಓಲೆಯ ಕಟ್ಟನ್ನು ಬಿಚ್ಚಿ ನೋಡಿದವರು ಇಲ್ಲಿ ಕೆಲವರೇ ಇರಬಹುದು. ಓಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಗಳು ಹಾಗೆಯೇ ಕಾಣುವದಿಲ್ಲ; ಮಸಿಯನ್ನು ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರವು ಏಳುವದು. ಶಬ್ದ ಶಬ್ದಕ್ಕೆ ನಡುವೆ ಎಡೆಯಿಲ್ಲ. ಸಾಲು ಒಂದೇ ಸಮನೆ ಓಡುವದು. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವಿಲ್ಲ. ‘ಕೊಡು’ ಎಂದೋ ‘ಕೋಡು’ ಎಂದೋ ಅರ್ಥವನ್ನು ಹಿಡಿದೇ ನಿಶ್ಚಯಿಸಬೇಕು. ದಾರವು ಹರಿದು ಓಲೆಗಳು ಹಿಂದುಮುಂದಾಗಿರುವವು. ಹುಳು ತಿಂದ ತೂತು ಸರಿಯಾಗಿ ಅಂಕಿತದ ಮೇಲೆಯೇ ಬಿದ್ದಿದ್ದರೆ, ಆ ವಚನವು ಯಾರದೆಂದು ಹೇಳುವದು ಹೇಗೆ? ಕೂಡಲಸಂಗಮದೇವನೆಂದಿದ್ದರೆ ಬಸವಣ್ಣನವರದು, ಗುಹೇಶ್ವರನೆಂದಿದ್ದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನನೆಂದಿದ್ದರೆ ಅಕ್ಕನದು. ಅಂಕಿತವೇ ಹೋದರೆ ಇನ್ನೊಂದು ಕಟ್ಟನ್ನು ಹುಡುಕಿಕೊಂಡು ಇನ್ನೊಂದು ಊರಿಗೆ ನಡೆಯಬೇಕು. ಅಲ್ಲಿಯ ಮನೆಯವರು ಕಟ್ಟನ್ನು ಕೊಡುವರೆಂಬ ನೆಚ್ಚಿಗೆಯೂ ಇಲ್ಲ. ಹಿರಿಯರು ಪೂಜಿಸಿದ್ದು, ಹೊರಗೆ ಕೊಡಬಾರದು ಎನ್ನುವವರುಂಟು. ಬಿಚ್ಚಿದರೆ ಮನೆಗೆ ಕೇಡೆಂದು ಅಂಜುವವರೂ ಉಂಟು. ಅಂಥವರ ಮನೆಯ ಕಟ್ಟೆಯ ಮೇಲೆ ಕುಳಿತು, ಅವರ ಮನಸ್ಸನ್ನು ಒಲಿಸಿಕೊಂಡು, ಕಟ್ಟನ್ನು ಬಿಚ್ಚಿಸಿ, ಪ್ರತಿ ಮಾಡಿಕೊಂಡು, ಹಾಗೆಯೇ ಕಟ್ಟಿ ಮರಳಿ ಕೊಡಬೇಕು. ಕೋರ್ಟಿನಲ್ಲಿ ಸಾಕ್ಷಿಯೊಡನೆ ಸಾಕ್ಷಿಯನ್ನು ತೂಗಿನೋಡಿ, ಕಾಗದದೊಡನೆ ಕಾಗದವನ್ನು ತಾಳೆಹಾಕುವ ಅಭ್ಯಾಸವು ಈ ಕೆಲಸಕ್ಕೆ ಬಹಳ ಒದಗಿತೆಂದು ನನ್ನ ಊಹೆ. ಹೊಟ್ಟೆಯ ಪಾಡಿಗಾಗಿ ಕಲಿತ ವಿದ್ಯೆಯು ಬರೆವಣಿಗೆಗೆ ಅಡ್ಡಿಯೆಂದು ಗೊಣಗುವ ಉಪಾಧ್ಯಾಯರೂ ಗುಮಾಸ್ತರೂ ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ವಿಜಾಪುರದಲ್ಲಿ ವಕೀಲಿ ಹಿಡಿದ ಮೇಲೆ ಹದಿನೈದು ವರ್ಷಗಳಿಗೂ ಮಿಕ್ಕ ಕಾಲ ಕಳೆದು, ಅವರು ಕಲೆಹಾಕಿದ ವಚನಗಳ ಹಸ್ತಪ್ರತಿಯು ಸಿದ್ಧವಾಯಿತು. ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಕಿಟ್ಟೆಲರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ ಪ್ರಸಿದ್ಧ ಮುದ್ರಣಾಲಯವದು. ಕನ್ನಡದ ಅಂದವಾದ ಅಚ್ಚುಮೊಳೆಗಳು ಅಲ್ಲಿದ್ದವು. ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂತು. ಅದರ ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವರು. ಆ ವಿಚಾರಣೆ ಇಲ್ಲಿ ಬೇಡ. ನಾವು ನೋಡತಕ್ಕದ್ದು, ಆ ಗಂಟು ಮರಳಿದ ಮೇಲೆ ಅವರು ಅದನ್ನು ಅಟ್ಟಕ್ಕೆ ಹಾಕಲಿಲ್ಲವೆಂಬುದು. ಬೆಳಗಾವಿಯಲ್ಲಿ ಬೇರೆ ಮುದ್ರಣಾಲಯವನ್ನು ಹಿಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂತು. ಆಗ ಅವರ ವಯಸ್ಸು 43. ನಮ್ಮ ತರುಣರು 23ಕ್ಕೇ ತಮ್ಮ ಕಾಲ ಮುಗಿಯಿತೆಂದು ನಿಟ್ಟುಸಿರು ಬಿಡುವರು!

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಮುದ್ರಣಾಲಯದಿಂದ ಹಸ್ತಪ್ರತಿ ಮರಳಿದ ಕಥೆಯನ್ನು ಹೇಳುವಾಗ ಕೆಲವರು ಆ ಮಿಶನ್ನನ್ನೇ ಹಳಿಯುವದುಂಟು. ಅದೇ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ, ಓಲೆಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ವಚನಗಳನ್ನು ಆಯ್ದು 1924ರಲ್ಲಿ ಪ್ರಕಟಿಸಿದರು. ಮುಂದೆ ಶರಣಸಾಹಿತ್ಯಕ್ಕಾಗಿಯೂ ದುಡಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯಸಮ್ಮೇಲನಕ್ಕೆ ಅಧ್ಯಕ್ಷರಾದರು. ಒಂದು ಬಾಗಿಲು ಮುಚ್ಚಿತೆಂದು ಆ ಓಣಿಯವರೆಲ್ಲರನ್ನೂ ಹಗೆಗಳೆಂದು ತಿಳಿಯತಕ್ಕದ್ದಲ್ಲ. ಬರೆಯುವವನ ಮನಸ್ಸಿನಲ್ಲಿ ಕಹಿಯು ಒಮ್ಮೆ ಕುಳಿತಿತೆಂದರೆ ಅದು ಲೇಖನಿಗೂ ಇಳಿಯುವದು. ಓದುವವನಿಗೆ ಮೊದಲ ಪುಟದಲ್ಲಿಯೇ ಅದರ ವಾಸನೆ ಹತ್ತುವದು.

ಹಳಕಟ್ಟಿಯವರ ಕಷ್ಟವು ಪುಸ್ತಕ ಹೊರಬಂದೊಡನೆ ತೀರಲಿಲ್ಲ. ನಿಜವಾಗಿ ಅಲ್ಲಿಂದಲೇ ಹೆಚ್ಚಾಯಿತು. ಇತರರ ಮುದ್ರಣಾಲಯವನ್ನು ನಂಬಿದರೆ ಆಗದೆಂದು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿ ಬಾಡಿಗೆಯ ಮನೆಯಲ್ಲಿ ನಿಂತರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ‘ಶಿವಾನುಭವ’ವನ್ನು ಮೂರು ದಶಕಗಳಿಗೂ ಮೇಲೆ ನಡೆಸಿದರು. ಚಂದಾದಾರರ ಹಣದಿಂದ ಪತ್ರಿಕೆಯ ವೆಚ್ಚವು ತುಂಬುವದೆಂಬುದು ಆಗಿನ ಕಾಲದಲ್ಲಿ ಕನಸಿನ ಮಾತು. ವಕೀಲಿಯ ಗಳಿಕೆ ಅಚ್ಚಿನ ಮನೆಗೆ ಹೋಯಿತು. ಮೈಮೇಲಿನ ಕೋಟು ಹಳೆಯದಾಯಿತು. 1926ರಲ್ಲಿ ಬಳ್ಳಾರಿಯ ಸಾಹಿತ್ಯಸಮ್ಮೇಲನದ ಅಧ್ಯಕ್ಷಪೀಠ ದೊರೆಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಗೌರವಗಳು ಬಂದವು, ಬಡತನವು ಹೋಗಲಿಲ್ಲ. 1964ರ ಜೂನ್ 29ರಂದು ಲಿಂಗೈಕ್ಯರಾಗುವ ತನಕ ಎರಡೂ ಜೊತೆಯಾಗಿಯೇ ಇದ್ದವು. ಸಂಕಟವೆಲ್ಲ ತೀರಿದ ಮೇಲೆ ನೆಮ್ಮದಿಯಿಂದ ಕುಳಿತು ಬರೆಯುವೆನು ಎಂದು ಅವರು ಕಾದಿದ್ದರೆ, ಬಸವಾದಿ ಪ್ರಮಥರ ವಾಣಿಯ ಎಷ್ಟು ಭಾಗವು ಗೆದ್ದಲಿನ ಪಾಲಾಗುತ್ತಿತ್ತೆಂಬುದನ್ನು ನೆನೆದರೆ ಮೈ ನಡುಗುವದು.

ಇನ್ನು ಹಿಂದಿನವರ ಮಾತು. ನೆಲೆಯನ್ನು ಕಂಡುಕೊಳ್ಳುವ ತೊಡಕು ಈ ಕಾಲದ ಹೊಸ ರೋಗವೇನಲ್ಲ. ಹರಿಹರ ಮಹಾಕವಿಯು ಹೊಯ್ಸಳರ ದೋರಸಮುದ್ರದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಅದನ್ನು ತೊರೆದು ಹಂಪೆಗೆ ಬಂದನೆಂದು ಸಂಪ್ರದಾಯವು ಹೇಳುವದು. ಆಗ ಪಂಡಿತರು ಮನ್ನಿಸುತ್ತಿದ್ದ ದಾರಿ ಚಂಪುವಿನದು. ಆತನಿಗೂ ಚಂಪು ಬಾರದ್ದಲ್ಲ. ‘ಗಿರಿಜಾಕಲ್ಯಾಣ’ವೇ ಅದಕ್ಕೆ ಸಾಕ್ಷಿ. ಆದರೂ ಶರಣರ ಚರಿತ್ರೆಗಳನ್ನು ಹಾಡತೊಡಗಿದಾಗ ಆತನು ಆರಿಸಿಕೊಂಡದ್ದು ರಗಳೆ. ರಗಳೆಯ ಕವಿಯೆಂದು ಪಂಡಿತರು ಹೀಯಾಳಿಸಿದರಂತೆ. ಇಂದಿಗೂ ನಮ್ಮ ಮನೆಗಳಲ್ಲಿ ರಗಳೆಯೆಂದರೆ ಕಿರಿಕಿರಿಯೆಂದೇ ಅರ್ಥ! ಆದರೆ ನಂಬಿಯಣ್ಣನ ಕಥೆಯನ್ನೂ ಬಸವರಾಜದೇವರ ಕಥೆಯನ್ನೂ ಹೊರಲು ಆ ರಗಳೆಯೇ ತಕ್ಕ ವಾಹನವಾಯಿತು.

ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಪಾಡು ಇನ್ನೂ ಕಠಿಣ. ‘ಹರಿಶ್ಚಂದ್ರಕಾವ್ಯ’ವನ್ನು ಬರೆದು ಗುರುವಿನ ಮುಂದಿಟ್ಟಾಗ, ಶಿವಶರಣರನ್ನು ಬಿಟ್ಟು ಮನುಷ್ಯಮಾತ್ರನಾದ ಅರಸನನ್ನು ಹೊಗಳಿದೆಯೆಂದು ಗುರುವು ಮುನಿದು ಹೊಡೆಯಲು ಶಿಷ್ಯನ ಹಲ್ಲುಗಳು ಉದುರಿದವೆಂದೂ, ಶರಣರ ಚರಿತ್ರೆಗಳನ್ನು ಬರೆದ ಹಾಗೆಲ್ಲ ಅವು ಮರಳಿ ಮೂಡಿದವೆಂದೂ ಕಥೆಯುಂಟು. ಸಂಪಾದಕರ ಚೀಟಿಗೆ ನೊಂದುಕೊಳ್ಳುವವರು ಈ ವಿಮರ್ಶೆಯನ್ನು ಕೊಂಚ ನೆನೆಯಬಹುದು. ಕಥೆಯನ್ನು ಅಕ್ಷರಶಃ ನಂಬಲಿ ಬಿಡಲಿ, ಅದರಲ್ಲಿ ನನ್ನನ್ನು ಬಹುಕಾಲ ತಡೆದು ನಿಲ್ಲಿಸಿದ ಅಂಶವೊಂದಿದೆ. ಪೆಟ್ಟು ತಿಂದ ರಾಘವಾಂಕನು ಮಾಮನ ರಗಳೆಗೆ ಮರಳಲಿಲ್ಲ. ಗುರುವಿನ ಮಾತಿನಂತೆ ವಸ್ತುವನ್ನು ಬದಲಿಸಿ ‘ಸಿದ್ಧರಾಮಚಾರಿತ್ರ’ವನ್ನೂ ‘ಸೋಮನಾಥಚರಿತೆ’ಯನ್ನೂ ಬರೆದನು, ಆದರೆ ತನ್ನದಾದ ಷಟ್ಪದಿಯನ್ನು ಬಿಡಲಿಲ್ಲ. ಇತ್ತ ಗುರುವು ಒಪ್ಪದ ‘ಹರಿಶ್ಚಂದ್ರಕಾವ್ಯ’ವೂ ಅಳಿಯಲಿಲ್ಲ, ಕನ್ನಡನಾಡು ಅದನ್ನು ಇಂದಿಗೂ ತಲೆಯ ಮೇಲಿಟ್ಟುಕೊಂಡಿದೆ. ತಿದ್ದಿಕೊಳ್ಳಬೇಕಾದುದು ಎಷ್ಟು, ಬಿಡಬಾರದುದು ಯಾವದು ಎಂಬ ವಿವೇಕವು ಅವನಿಗೆ ಇತ್ತು. ಗುರುವಾಕ್ಯವನ್ನು ಮೀರಿದನೆಂದು ಯಾರೂ ಅನ್ನಲಾರರು. ತನ್ನನ್ನು ಕಳೆದುಕೊಂಡನೆಂದೂ ಅನ್ನಲಾರರು.

ಇನ್ನೊಂದು ಬಗೆಯನ್ನೂ ಹೇಳಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆಯನ್ನು ಕಲಿಸುತ್ತಿದ್ದ ಬಡ ಉಪಾಧ್ಯಾಯರು. ತಮ್ಮ ಹೆಸರಿನಿಂದ ಬರೆದರೆ ಮನ್ನಣೆ ದೊರೆಯದೆಂದೋ ಏನೋ, ತಮ್ಮ ಕೃತಿಗಳನ್ನು ಮುದ್ದಣನೆಂಬ ಪ್ರಾಚೀನ ಕವಿಯ ಗ್ರಂಥಗಳೆಂದು ಮೈಸೂರಿನ ಕಾವ್ಯಮಾಲೆಗೆ ಕಳುಹಿದರು. ಕ್ಷಯರೋಗಕ್ಕೆ ತುತ್ತಾಗಿ 1901ರಲ್ಲಿ, 31ರ ವಯಸ್ಸಿನಲ್ಲಿ ತೀರಿಕೊಂಡರು. ‘ರಾಮಾಶ್ವಮೇಧ’ದ ಮುದ್ದಣ ಮನೋರಮೆಯರ ಸಲ್ಲಾಪವನ್ನು ಓದಿ ನಗದ ಕನ್ನಡಿಗರಿಲ್ಲ, ಆ ನಗೆಯನ್ನು ಕೊಟ್ಟವರು ಕೀರ್ತಿಯನ್ನು ಕಣ್ಣಾರೆ ಕಾಣಲಿಲ್ಲ. ಮುಖ ಮರೆಸಿಕೊಂಡು ಬರೆಯುವ ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಆದರೆ ಜೀವವು ಸೋರಿಹೋಗುತ್ತಿರುವಾಗಲೂ ಗದ್ಯದಲ್ಲಿ ಅಂಥ ಉಲ್ಲಾಸವನ್ನು ಇರಿಸಿದುದನ್ನು ನೆನೆದಾಗ, ಲೇಖಕನ ಬಾಳಿನ ಬಣ್ಣವೇ ಬರಹಕ್ಕೆ ಬರಬೇಕೆಂಬ ನಿಯಮವೇನೂ ಇಲ್ಲವೆಂದು ತೋರುವದು.

ನನ್ನ ಬಳಿಗೆ ಬಂದ ಶಿಷ್ಯನಿಗೆ ಇಷ್ಟನ್ನು ಹೇಳಿ, ಮಾಡತಕ್ಕ ಕೆಲಸವೊಂದನ್ನೂ ಹೇಳಿದೆನು. ಬರೆವಣಿಗೆಯಲ್ಲಿ ಹಲವು ತರಗಳುಂಟು. ಹೊಸದನ್ನು ಕಲ್ಪಿಸುವದಕ್ಕೆ ಮನಸ್ಸು ತಿಳಿಯಾಗಿರಬೇಕು. ಮನೆಯಲ್ಲಿ ಬೇನೆಯವರು ನರಳುವಾಗ ಅದು ಸಾಧ್ಯವಾಗದಿದ್ದರೆ ಆಶ್ಚರ್ಯವಿಲ್ಲ. ಆದರೆ ಓಲೆಯಿಂದ ಕಾಗದಕ್ಕೆ ಪ್ರತಿ ಮಾಡುವದು, ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ಪಾಠಭೇದಗಳನ್ನು ಗುರುತಿಸುವದು, ಕಠಿಣಶಬ್ದಗಳನ್ನು ಅಕಾರಾದಿಯಾಗಿ ಜೋಡಿಸುವದು, ಇವಕ್ಕೆ ಕಣ್ಣೂ ಕೈಯೂ ಬೇಕು. ಒಡೆದ ಮನಸ್ಸಿದ್ದರೂ ನಡೆಯುವದು. ದಿನಕ್ಕೆ ಎರಡೇ ಓಲೆಗಳಾಗಲಿ. ಹಾಗೆ ಮಾಡುತ್ತಿರುವಾಗ ಕೈಯು ಭಾಷೆಯನ್ನು ಮರೆಯುವದಿಲ್ಲ. ಹಳೆಯ ಲಿಪಿಕಾರರು ಗ್ರಂಥದ ಕೊನೆಗೆ ತಮ್ಮ ದಣಿವನ್ನು ತೋಡಿಕೊಂಡು, ತಪ್ಪಿದ್ದರೆ ತಿದ್ದಿ ಓದಿರೆಂದು ಬೇಡಿಕೊಂಡಿರುವದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವರ ಮನೆಗಳಲ್ಲಿಯೂ ಸಾಲವಿತ್ತು, ಸಾವಿತ್ತು. ಅವರ ಕೈ ನಿಲ್ಲದಿದ್ದುದರಿಂದಲೇ ಹಳಕಟ್ಟಿಯವರಿಗೆ ಓಲೆಗಳು ದೊರೆತವು. ಆ ಶಿಷ್ಯನು ಒಂದು ಕಟ್ಟನ್ನು ತೆಗೆದುಕೊಂಡು ಹೋಗಿ ಈಗ ಪ್ರತಿ ಮಾಡುತ್ತಿರುವನು. ಸಾಲವು ತೀರಿಲ್ಲ, ಮನೆಯಾಕೆಯ ಬೇನೆಯೂ ಪೂರ್ತಿ ಹೋಗಿಲ್ಲ. ಕಳೆದ ಸಲ ಬಂದಾಗ ಮಾತ್ರ ಸಂಪಾದಕರ ಮಾತನ್ನೆತ್ತದೆ, ಓಲೆಯಲ್ಲಿಯ ಒಂದು ಶಬ್ದದ ಅರ್ಥಕ್ಕಾಗಿ ನನ್ನೊಡನೆ ಒಂದು ತಾಸು ವಾದಿಸಿದನು.

ಅದರಿಂದಲೇ ಅವನ ನೆಲೆ ದೊರೆಯಿತೆಂದು ನಾನು ಹೇಳುವದಿಲ್ಲ. ಒಬ್ಬನಿಗೆ ಟೀಕೆ ಬರೆಯುವದು ಒಪ್ಪೀತು, ಮತ್ತೊಬ್ಬನಿಗೆ ಮಕ್ಕಳಿಗಾಗಿ ಶರಣರ ಕಥೆ, ಇನ್ನೊಬ್ಬನಿಗೆ ಊರ ಹಾಡುಗಳ ಸಂಗ್ರಹ. ಮೂರು ನಾಲ್ಕು ದಾರಿಗಳಲ್ಲಿ ನಡೆದು ನೋಡದೆ ಇದು ತಿಳಿಯದು. ತಿರುಗಿ ಬಂದ ದಾರಿಯೂ ಊರಿನ ಪರಿಚಯವನ್ನು ಮಾಡಿಕೊಟ್ಟೇ ಇರುವದು.

ಕಡೆಗೆ ಸಭೆಯಲ್ಲಿರುವ ಭಕ್ತರಲ್ಲಿ ಎರಡು ಬಿನ್ನಹಗಳು. ನಿಮ್ಮ ಮನೆಯ ಜಗುಲಿಯ ಮೇಲೆ ಓಲೆಯ ಕಟ್ಟುಗಳಾಗಲಿ ಹಳೆಯ ಕಾಗದದ ಹೊತ್ತಗೆಗಳಾಗಲಿ ಇದ್ದರೆ, ಪೂಜೆಯನ್ನು ಬಿಡಬೇಡಿರಿ. ಆದರೆ ಒಮ್ಮೆ ಶ್ರೀಮಠಕ್ಕೆ ತಂದು ತೋರಿಸಿರಿ. ಪ್ರತಿ ಮಾಡಿಕೊಂಡು, ಹುಳು ಬೀಳದಂತೆ ಎಣ್ಣೆ ಸವರಿ, ಹಾಗೆಯೇ ಕಟ್ಟಿ ಮರಳಿ ಕೊಡುವೆವು. ಎರಡನೆಯದಾಗಿ, ನಿಮ್ಮ ಮಕ್ಕಳಲ್ಲಿ ಯಾರಾದರೂ ಬರೆಯುವ ಹಂಬಲವುಳ್ಳವರಿದ್ದು, ಮನಸ್ಸು ಮುರಿದು ಕುಳಿತಿದ್ದರೆ ಅವರನ್ನು ಇಲ್ಲಿಗೆ ಕಳುಹಿಸಿರಿ. ಶ್ರೀಮಠದ ಭಂಡಾರದಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿವೆ. ಭಾನುವಾರ ಮಧ್ಯಾಹ್ನದ ಪ್ರಸಾದದ ತರುವಾಯ ನಾನು ಅಲ್ಲಿಯೇ ಕುಳಿತಿರುವೆನು. ಬಂದವರಿಗೆ ಓಲೆ ಓದುವದನ್ನು ಕಲಿಸುವೆನು.